ಯಾರದೂ ಅಲ್ಲದ ದಿಬ್ಬ

ರೈಲು ಕಂಪನಿಯವರು ಶವಸಂಸ್ಕಾರಕ್ಕೆ ಕಳಿಸಿದ ಹೂವಿನ ಚಕ್ರವನ್ನು ಜಾರ್ಜೀನ್ ಎರಡೂ ಕೈಯಲ್ಲಿ ಅವುಚಿಕೊಂಡು ಚರ್ಚಿನ ಹಿಂಬದಿಯ ಪೊರಕೆ ಕೋಣೆಗೆ ನೂಕುತ್ತಿದ್ದಳು. ಚಕ್ರ ಬಾಗಿಲಿಗಿಂತ ದೊಡ್ಡದು. ಓರೆ ಮಾಡಿದರೂ ಹೋಗಲಿಲ್ಲ, ಮಡಚೋಣವೆಂದರೆ ಒಳಗೆ ದಪ್ಪ ತಂತಿ. ಕೊನೆಗೆ ಎಪ್ಪತ್ತು ದಾಟಿದ ಆ ಹೆಂಗಸು ಬೆನ್ನು ತಿರುಗಿಸಿ, ಮೊಂಡು ಹಸುವನ್ನು ಕೊಟ್ಟಿಗೆಗೆ ಒತ್ತುವಂತೆ ಸೊಂಟದಿಂದ ಒಂದು ಒತ್ತು ಕೊಟ್ಟಳು. ಬಿಳಿ ಲಿಲ್ಲಿಗಳು ನೆಲದ ತುಂಬ ಉದುರಿದವು.

"ಅದು ನಮ್ಮದು ಅಲ್ವಾ?" ಎಂದು ಹಿಂದಿನಿಂದ ಒಂದು ಮೆಲುದನಿ ಕೇಳಿತು.

"ನಿಮ್ಮದೇ, ಮಿಸ್ಟರ್ ವಿಟ್‌ಲೋ. ಏನಾದರೊಂದನ್ನ ನಿಮ್ಮದು ಅಂತ ಒಪ್ಪಿಕೊಂಡ್ರಲ್ಲ, ಅಕ್ಕ ಇನ್ನು ನಾಲ್ಕು ದಿನ ಬದುಕಿದ್ದು ಕೇಳಬೇಕಿತ್ತು," ಎಂದಳು ಜಾರ್ಜೀನ್, ತಿರುಗಿಯೂ ನೋಡದೆ.

ವಿಟ್‌ಲೋ ಆ ಮಾತನ್ನು ನುಂಗಿಕೊಂಡ. ನೆಬ್ರಾಸ್ಕಾದಲ್ಲಿ ನಮ್ಮ ಕಡೆಯ ಹಳಿಗಳ ತಕರಾರು ನೋಡಿಕೊಳ್ಳಲು ಕಂಪನಿ ಇಟ್ಟುಕೊಂಡಿದ್ದ ಮನುಷ್ಯ ಅವನು. ನುಂಗುವುದು ಅವನ ಕಸುಬಿನ ಮುಖ್ಯ ಭಾಗ. ಜಾರ್ಜೀನಳ ಅಕ್ಕ, ಈಗ ಸತ್ತ ಆಲ್ಬಿನಾ ಪೊಸ್ಪಿಶಿಲ್ ಜೊತೆ ಅವನು ಇಪ್ಪತ್ತು ವರ್ಷ ಜಗಳವಾಡಿದ್ದ. ಅಷ್ಟು ಕಾಲ ಒಬ್ಬರೊಡನೆ ಜಗಳವಾಡಿದರೆ ನೆಂಟಸ್ತನಕ್ಕಿಂತ ಹತ್ತಿರದ್ದೇನೋ ಹುಟ್ಟಿಕೊಂಡಿರುತ್ತದೆ. ಹಾಗಾಗಿ ಅವನಿಗೆ ದುಃಖವಾಗಿದ್ದು ನಿಜ. ಜೊತೆಗೆ ಒಂದು ನೆಮ್ಮದಿಯೂ ಆಗಿತ್ತು. ಅದನ್ನು ಮುಚ್ಚಿಡಲು ಪಾಪ ಅವನಿಗೆ ಬರುತ್ತಿರಲಿಲ್ಲ.

ಅವನು ಮೊದಲ ಸಾಲಿನ ಬೆಂಚಿಗೆ ಹೋಗಿ ಆಲ್ಬಿನಾಳ ಗಂಡ ಲ್ಯಾಡ್ ಪಕ್ಕ ಕುಳಿತ. ಲ್ಯಾಡ್ ಹ್ಯಾಟನ್ನು ಮಂಡಿಯ ಮೇಲಿಟ್ಟುಕೊಂಡು, ಮುಚ್ಚಿದ ಪೆಟ್ಟಿಗೆಯನ್ನು ನೋಡುತ್ತಿದ್ದ.

"ನಿಮ್ಮ ಹೆಂಡತಿಯ ದೂರು ರಾಜ್ಯದ ಆಯೋಗದ ಮುಂದಿದೆಯಲ್ಲ, ಮುಂದಿನ ತಿಂಗಳು ವಿಚಾರಣೆ," ಎಂದು ವಿಟ್‌ಲೋ ಪಿಸುಗುಟ್ಟಿದ. "ಅದಕ್ಕೆ ನೀವು ತಲೆ ಕೆಡಿಸ್ಕೋಬೇಡಿ. ದೂರು ಕೊಟ್ಟವರು ತೀರಿಕೊಂಡ್ರೆ, ಮನೆಯವರು ಯಾರಾದ್ರೂ ಎದ್ದು ನಿಂತು 'ನಾನು ಮುಂದುವರಿಸ್ತೀನಿ' ಅನ್ನಬೇಕು. ಯಾರೂ ಅನ್ನದಿದ್ರೆ ತಾನಾಗೇ ಮುಚ್ಚಿಹೋಗುತ್ತೆ. ನೀವು ಏನೂ ಮಾಡಬೇಕಿಲ್ಲ. ಸುಮ್ಮನಿದ್ರೆ ಸಾಕು."

ಸುಮ್ಮನಿರುವುದರಲ್ಲಿ ಲ್ಯಾಡ್‌ನನ್ನು ಮೀರಿಸುವವರು ನಮ್ಮ ಕೌಂಟಿಯಲ್ಲೇ ಇರಲಿಲ್ಲ. ಮಳೆ ಬರುತ್ತದೆಯೇ ಎಂದು ಕೇಳಿದರೂ "ಆಲ್ಬಿನಾನ ಕೇಳಿ" ಎನ್ನುವವನು. ಮದುವೆಯ ದಿನ ಪಾದ್ರಿಗಳು ಒಪ್ಪಿಗೆಯೇ ಎಂದು ಕೇಳಿದಾಗ ಮೊದಲು ತಿರುಗಿ ಆಲ್ಬಿನಾಳ ಮುಖ ನೋಡಿದ್ದ, ಅವಳು ತಲೆಯಾಡಿಸಿದ ಮೇಲೆಯೇ ಹೂಂ ಎಂದಿದ್ದ. ಇದನ್ನು ನಮ್ಮೂರಿನಲ್ಲಿ ಪ್ರತಿ ಮದುವೆಯ ಊಟದಲ್ಲೂ ಯಾರಾದರೊಬ್ಬರು ಹೇಳಿ ನಗಿಸುತ್ತಾರೆ.

ವಿಟ್‌ಲೋ ಎದ್ದು ಹೋದ ಕೂಡಲೇ ಜಾರ್ಜೀನ್ ಬಂದು ಅದೇ ಜಾಗದಲ್ಲಿ ಕುಳಿತಳು.

"ಬಾವ, ಏನಂದ ಆ ಮನುಷ್ಯ?"

"ಸುಮ್ಮನಿರು ಅಂದ."

"ನೀವೇನಂದ್ರಿ?"

"ಸುಮ್ಮನಿದ್ದೆ."

ಜಾರ್ಜೀನ್ ಅಕ್ಕನ ಪೆಟ್ಟಿಗೆಯ ಕಡೆ ನೋಡಿ, "ನೋಡೇ, ಯಾರ ಕೈಲಿ ಬಿಟ್ಟು ಹೋದೆ," ಎಂದಳು.

*

ಜಗಳದ ಮೂಲ ಊರಾಚೆಯ ರೈಲು ದಾಟು, ರಸ್ತೆ ಹಳಿಯನ್ನು ದಾಟುವ ಜಾಗ. ಗೇಟಿಲ್ಲ, ದೀಪವಿಲ್ಲ, ಗಂಟೆಯಿಲ್ಲ. ಅಡ್ಡಪಟ್ಟಿಯ ಒಂದು ಕಂಬವಿದೆ, ಅದೂ ಗಾಳಿಗೆ ವಾಲಿದೆ. ಕಂಪನಿಯವರು ಹಳಿ ಸರಿಮಾಡಲು ಬಂದಾಗಲೆಲ್ಲ ಅಡಿಗೆ ಹೊಸ ಜಲ್ಲಿ ತುರುಕುತ್ತಿದ್ದರು. ಹಳಿ ಪ್ರತಿ ಸಲ ಅಷ್ಟಷ್ಟು ಮೇಲೇಳುತ್ತಿತ್ತು, ರಸ್ತೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ನಮ್ಮ ಅಜ್ಜಂದಿರ ಕಾಲಕ್ಕೆ ಸಪಾಟಾಗಿದ್ದ ಜಾಗ ಹೀಗೆ ಒಂಟೆಯ ಬೆನ್ನಾಯಿತು.

ಆಲ್ಬಿನಾ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಶಾಲೆಯ ಬಸ್ಸು ಹಳಿಯ ಮುಂದೆ ಪೂರ್ತಿ ನಿಲ್ಲಬೇಕು, ಬಾಗಿಲು ತೆಗೆದು ಕಿವಿಗೊಟ್ಟು ಕೇಳಬೇಕು ಎನ್ನುವುದು ಕಾನೂನು. ಬೇರೆ ಚಾಲಕರಿಗೆ ಅದು ಕಾನೂನು, ಆಲ್ಬಿನಾಗೆ ಅದು ಪ್ರಾರ್ಥನೆ. "ಉಸಿರು ಬಿಟ್ರೆ ಇಳಿಸಿಬಿಡ್ತೀನಿ!" ಎಂದು ಗದರಿಸಿದರೆ ನಲವತ್ತು ಮಕ್ಕಳ ಕೆನ್ನೆ ಉಬ್ಬಿಕೊಳ್ಳುತ್ತಿತ್ತು. ಈಗ ಊರಲ್ಲಿರುವ ಮುಕ್ಕಾಲು ಪಾಲು ಜನ ಆ ಬಸ್ಸಿನಲ್ಲಿ ಉಸಿರು ಕಟ್ಟಿ ಕೂತವರೇ.

ಒಂದು ಮಂಜಿನ ಬೆಳಿಗ್ಗೆ ಹಾಲಿನ ಲಾರಿಯ ಎಲ್ಡನ್ ಆ ದಿಬ್ಬದ ಮೇಲೆ ಸಿಕ್ಕಿಕೊಂಡ. ಕೆಳಗಿಳಿದು ಓಡಬಹುದಿತ್ತು. ಹಾಲು ಹಾಳಾಗುತ್ತದೆಂದು ಗೇರು ಹಾಕುತ್ತಲೇ ಇದ್ದ, ರೈಲು ಬಂದು ಹೊಡೆಯಿತು. ಅವನನ್ನು ಮೊದಲು ನೋಡಿದವಳು ಹಿಂದೆಯೇ ಬಸ್ಸಿನಲ್ಲಿ ಬಂದ ಆಲ್ಬಿನಾ. ಅವಳು ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬಸ್ಸನ್ನು ಅಲ್ಲಿಂದ ಊರವರೆಗೂ ಹಿಮ್ಮುಖವಾಗಿಯೇ ಓಡಿಸಿಕೊಂಡು ಬಂದಳು. ಎಲ್ಡನ್‌ನ ಮಣ್ಣಿಗೆ ಕಂಪನಿ ಒಂದು ಹೂವಿನ ಚಕ್ರ ಕಳಿಸಿತು, ರಸ್ತೆ ನೋಡಿಕೊಳ್ಳುವ ಕೌಂಟಿ ಆಡಳಿತ ಇನ್ನೊಂದು ಕಳಿಸಿತು. ದಿಬ್ಬಕ್ಕೆ ಮಾತ್ರ ಒಂದು ಬುಟ್ಟಿ ಮಣ್ಣನ್ನೂ ಯಾರೂ ಹಾಕಲಿಲ್ಲ.

ಆಲ್ಬಿನಾ ಕೇಳಲು ಹೋದಳು. ಕಂಪನಿಯವರು, "ಹಳಿ ನಮ್ಮದು, ಹತ್ತುವ ಇಳಿಜಾರು ರಸ್ತೆಯ ಭಾಗ, ಕೌಂಟಿಯವರನ್ನ ಕೇಳಿ," ಎಂದರು. ಕೌಂಟಿಯವರು, "ಇಳಿಜಾರು ಆಗಿದ್ದೇ ಅವರು ಹಳಿ ಎತ್ತಿದ್ದರಿಂದ, ಕಂಪನಿಯವರನ್ನ ಕೇಳಿ," ಎಂದರು. ರಾಜ್ಯದವರು, "ಅವರಿಬ್ಬರಲ್ಲಿ ಯಾರದು ಅಂತ ತೀರ್ಮಾನ ಮಾಡಿಸ್ಕೊಂಡು ಬನ್ನಿ, ಗೇಟಿಗೆ ಆಮೇಲೆ ನೋಡೋಣ," ಎಂದರು. ಯಾರದು ಎಲ್ಲಿಯವರೆಗೆ ಎಂದು ಬರೆದಿದ್ದ ಹಳೆಯ ಕರಾರು, ಕೌಂಟಿ ಕಚೇರಿಗೆ ಎಂದೋ ಬೆಂಕಿ ಬಿದ್ದಾಗ ಸುಟ್ಟುಹೋಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಗಂಡನೂ ಹೆಂಡತಿಯೂ ಕೂಸು ತಮ್ಮದೇ ಅಲ್ಲ ಎನ್ನುತ್ತಿದ್ದರು.

*

ಪೂಜೆ ಮುಗಿಯಿತು. ಪೆಟ್ಟಿಗೆ ಹೊತ್ತವರು ಆರು ಜನ, ಮುಂದಿನ ಎಡಗೈ ಹಿಡಿಕೆ ಕೌಂಟಿ ಕಮಿಷನರ್ ಡ್ವೇನ್ ಸ್ಟೆಲಿಕ್‌ನದು. ಡ್ವೇನ್ ಎಂಟು ವರ್ಷ ಆಲ್ಬಿನಾಳ ಬಸ್ಸಿನಲ್ಲಿ ಹೋದವನು, ಹನ್ನೆರಡು ವರ್ಷ ಅವಳಿಂದ ಸಭೆಗಳಲ್ಲಿ ಬೈಸಿಕೊಂಡವನು. ಮನಸಾರೆ ಅಳುತ್ತಿದ್ದ.

"ಅಳು ಮಗಾ, ಅಳು," ಎಂದಳು ಜಾರ್ಜೀನ್. "ಆ ದಿಬ್ಬದ ಮೇಲೆ ಬಿದ್ರೆ ನಿನ್ನ ಕಣ್ಣೀರು ಯಾರ ಖಾತೆಗೆ, ಕೌಂಟಿಗಾ ಕಂಪನಿಗಾ?"

"ಜಾರ್ಜೀನಕ್ಕ, ಇವತ್ತೊಂದು ದಿನ ಬಿಡಿ."

ಚರ್ಚಿನ ಹೊರಗೆ ಹೆಣದ ಗಾಡಿಯ ಮಿಲೋ ಜೆಲಿನೆಕ್ ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. ಗಾಡಿ ಹೊಸದು, ಕರ್ರಗೆ ಉದ್ದಕ್ಕೆ ಥಳಥಳ ಹೊಳೆಯುತ್ತಿತ್ತು.

"ಹೆದ್ದಾರಿ ಸುತ್ತಿ ಸೇತುವೆ ಮೇಲೆ ಹೋಗೋಣ ಅಲ್ವಾ, ಲ್ಯಾಡ್? ಸ್ಮಶಾನಕ್ಕೆ ನಾನು ಯಾವಾಗಲೂ ಹಾಗೇ ಹೋಗೋದು."

ಲ್ಯಾಡ್ ಪಕ್ಕಕ್ಕೆ ತಿರುಗಿ ನೋಡಿದ. ಉತ್ತರ ಕೊಡುವವಳು ಪೆಟ್ಟಿಗೆಯಲ್ಲಿದ್ದಳು. "ಅವಳ ದಾರೀಲೇ ಹೋಗಲಿ," ಎಂದ.

ಮೆರವಣಿಗೆ ಹೊರಟಿತು. ಮುಂದೆ ಹೆಣದ ಗಾಡಿ, ಹಿಂದೆ ಲ್ಯಾಡ್ ಮತ್ತು ಜಾರ್ಜೀನ್, ಅವರ ಹಿಂದೆ ಡ್ವೇನ್, ವಿಟ್‌ಲೋ, ಆಮೇಲೆ ಊರಿನ ಪಿಕಪ್ಪುಗಳೆಲ್ಲ, ಹಗಲಲ್ಲೇ ದೀಪ ಹಚ್ಚಿಕೊಂಡು. ಎರಡೂ ಕಡೆ ಜೋಳ ಆಳೆತ್ತರ ನಿಂತಿತ್ತು. ಎದುರಿಗೆ ಬಂದ ಗಾಡಿಗಳವರು ರಸ್ತೆ ಬಿಟ್ಟು ನಿಂತು ಹ್ಯಾಟು ತೆಗೆದರು.

ಆಮೇಲೆ ಆದದ್ದು ನಮ್ಮೂರಿನವರು ಮಾತ್ರ ಮಾಡಬಲ್ಲ ತಪ್ಪು. ಬೇರೆ ಊರಿನ ಚಾಲಕನಾಗಿದ್ದರೆ ದಿಬ್ಬವನ್ನು ದೂರದಿಂದಲೇ ನೋಡಿ, ಸ್ವಲ್ಪ ವೇಗ ಕೊಟ್ಟು, ಹೊಟ್ಟೆ ಕೆರೆದುಕೊಂಡಾದರೂ ದಾಟಿಸುತ್ತಿದ್ದ. ಮಿಲೋ ಆಲ್ಬಿನಾಳ ಬಸ್ಸಿನ ಹುಡುಗ. ಹಳಿಯ ಮುಂದೆ ಪೂರ್ತಿ ನಿಲ್ಲಿಸಿದ. ಕಿಟಕಿ ಇಳಿಸಿದ. ಹಿಂದಿದ್ದ ಅಷ್ಟೂ ಗಾಡಿಗಳು ನಿಂತವು, ಅಷ್ಟೂ ಕಿಟಕಿಗಳು ಇಳಿದವು, ಊರಿಗೆ ಊರೇ ಕೆನ್ನೆ ಉಬ್ಬಿಸಿ ಉಸಿರು ಕಟ್ಟಿ ಕೂತಿತು. ವಿಟ್‌ಲೋ ಒಬ್ಬ ಮಾತ್ರ, ಇವರಿಗೆಲ್ಲ ಏನಾಯಿತಪ್ಪಾ ಎಂದು ಹಾರ್ನ್ ಒತ್ತಿದ. ರೈಲಿನ ಸದ್ದಿಲ್ಲ. ಮಿಲೋ ಇರುವೆಯಂತೆ ಮೇಲೆ ಹತ್ತಿಸಿದ. ಮುಂದಿನ ಚಕ್ರ ಹಳಿ ದಾಟಿತು, ಹಿಂದಿನದು ದಾಟಲಿಲ್ಲ, ಕರಕರ ಎಂದು ಗಾಡಿಯ ಹೊಟ್ಟೆ ದಿಬ್ಬದ ನೆತ್ತಿಯ ಮೇಲೆ ಕೂತುಬಿಟ್ಟಿತು. ಮಿಲೋ ಇನ್ನಷ್ಟು ಒತ್ತಿದ. ಹಿಂದಿನ ಚಕ್ರ ನೆಲ ಸವರಿಕೊಂಡಷ್ಟೇ ತಿರುಗಿ, ಲ್ಯಾಡ್‌ನ ಪಿಕಪ್ಪನ್ನೂ ದಾಟಿ ಡ್ವೇನ್‌ನ ಕಾರಿನ ಗಾಜಿಗೆ ಜಲ್ಲಿ ಎರಚಿತು.

"ಹಳೇ ಗಾಡಿ ಆಗಿದ್ರೆ ಸಲೀಸಾಗಿ ದಾಟ್ತಿತ್ತು," ಎಂದ ಮಿಲೋ, ಕೆಳಗಿಳಿದು, ಅಳುವ ದನಿಯಲ್ಲಿ. "ಇದರ ಹೊಟ್ಟೆ ತಗ್ಗು ಅನ್ನೋದೇ ಮರೆತುಹೋಯ್ತು."

"ಅಕ್ಕ ಯಾವತ್ತೂ ಸಭೇಲಿ ಹೇಳ್ತಿದ್ದಳು, ನನ್ನ ಹೆಣ ಬಿದ್ದ ಮೇಲೇ ಇವರಿಗೆ ಬುದ್ಧಿ ಬರೋದು ಅಂತ," ಎಂದಳು ಜಾರ್ಜೀನ್. "ಹೆಣ ತರಿಸ್ಕೊಂಡೇ ಬಿಟ್ರಲ್ಲ!"

ಡ್ವೇನ್ ವಿಟ್‌ಲೋನ ಹತ್ತಿರ ಓಡಿದ. "ಮೊದಲು ರೈಲು ನಿಲ್ಲಿಸ್ರೀ!"

ವಿಟ್‌ಲೋ ಆಗಲೇ ಫೋನು ಕಿವಿಗಿಟ್ಟಿದ್ದ. ಗಾಳಿ ಜೋರಾಗಿದ್ದರಿಂದ ಅವನು ಕೂಗಿಕೊಂಡೇ ಮಾತಾಡಬೇಕಾಯಿತು, ಊರೆಲ್ಲ ಕೇಳಿಸಿಕೊಂಡಿತು.

"ಹಳಿ ಮೇಲೆ ಒಂದು ಗಾಡಿ ಸಿಕ್ಕಿಕೊಂಡಿದೆ... ಹೌದು, ಒಳಗೆ ಒಬ್ಬರಿದ್ದಾರೆ... ಇಲ್ಲ, ಅವರಿಗೆ ಇಳಿಯೋಕಾಗಲ್ಲ... ಪ್ರಜ್ಞೆ ಇಲ್ಲ... ಉಸಿರಾಟಾನೂ ಇಲ್ಲ... ಅಯ್ಯೋ, ಆಂಬ್ಯುಲೆನ್ಸ್ ಬೇಡ!... ಯಾಕೆ ಬೇಡ ಅಂದ್ರೆ ಹೋಗಿ ನಾಲ್ಕು ದಿನ ಆಯ್ತು!... ರೀ, ಸಾವು ಅಂತ ಬರ್ಕೋಬೇಡಿ! ಅವರು ಮೊದಲೇ ಸತ್ತಿದ್ರು!"

"ಬರ್ಕೊಳ್ಳಲಿ ಬಿಡಿ," ಎಂದಳು ಜಾರ್ಜೀನ್. "ಆಗಲಾದ್ರೂ ನಿಮ್ಮ ಕಣ್ಣಿಗೆ ಬೀಳ್ತೀವೇನೋ."

ಅಂತೂ ರೈಲು ನಿಂತಿತು. ದೂರದಲ್ಲಿ ಧಾನ್ಯದ ಗೋದಾಮಿನ ಪಕ್ಕ ಅದರ ದೀಪ ಕಾಣಿಸಿತು, ಒಮ್ಮೆ ಕೂಗಿ ಸುಮ್ಮನಾಯಿತು. ಚಾಲಕ ಇಳಿದು ಹಳಿಯ ಗುಂಟ ನಡೆದು ಬರತೊಡಗಿದ.

*

ಆಲ್ಬಿನಾ ಪ್ರತಿ ಸಭೆಯ ಹಿಂದಿನ ಸಂಜೆ ಅಡುಗೆಮನೆಯಲ್ಲಿ ತಾಲೀಮು ನಡೆಸುತ್ತಿದ್ದಳು. ಗಸಗಸೆ ಹೂರಣದ ಕೊಲಾಚೆ ಬನ್ನುಗಳಿಗೆ ಹಿಟ್ಟು ನಾದುತ್ತ ಅವಳು ವಾದ ಮಾಡಬೇಕು. ಎದುರಿಗೆ ಕೂತ ಲ್ಯಾಡ್ ಒಂದು ದಿನ ಕಂಪನಿ, ಇನ್ನೊಂದು ದಿನ ಕೌಂಟಿ.

"ಹೇಳಿ ಮಿಸ್ಟರ್ ಕಂಪನಿ, ಈ ದಿಬ್ಬ ಯಾರದು?"

"ನಂದೇ ಇರಬೇಕು," ಎನ್ನುತ್ತಿದ್ದ ಲ್ಯಾಡ್. "ನಾಳೇನೇ ಸರಿ ಮಾಡಿಸ್ತೀನಿ."

"ಅಷ್ಟು ಬೇಗ ಒಪ್ಕೋಬೇಡ ಮಾರಾಯ! ಅವರು ಹಾಗೆ ಒಪ್ಪಲ್ಲ!"

"ಒಪ್ಪಿದ್ರೆ ಒಳ್ಳೇದಲ್ವಾ?"

ಆಲ್ಬಿನಾ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡು ನಗುತ್ತಿದ್ದಳು. ಒಂದು ಸಲ, ಬಹುಶಃ ಕಾಯಿಲೆ ಶುರುವಾದ ಮೇಲೆ, ಅವಳು ನಗುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತ ಕೂತಳು. "ನಾನು ಹೋದ ಮೇಲೆ ಅವರು ನಿನ್ನ ಹತ್ತಿರ ಬರ್ತಾರೆ, ಲ್ಯಾಡ್. ನೀನೇನಂತೀಯ?"

ಲ್ಯಾಡ್ ಅಭ್ಯಾಸ ಬಲದಿಂದ ಅವಳ ಮುಖ ನೋಡಿದ. ಅವಳು ತಲೆಯಾಡಿಸಲಿಲ್ಲ. ಎದ್ದು ಕೊಲಾಚೆಗಳನ್ನು ಒಲೆಗೆ ಇಟ್ಟಳು.

*

ರೈಲು ನಿಂತ ಮೇಲೆ ಎಲ್ಲರಿಗೂ ಧೈರ್ಯ ಬಂತು, ಧೈರ್ಯದ ಹಿಂದೆಯೇ ಕಾನೂನು ಬಂತು. ಹಿಂದಿದ್ದ ಪಿಕಪ್ಪಿನವನೊಬ್ಬ ಸರಪಳಿ ಹಿಡಿದು ಬಂದಾಗ ಡ್ವೇನ್ ಅಡ್ಡ ನಿಂತ.

"ತಡಿ. ಹಳಿ ಮೇಲೆ ಎಳೆಯೋಕೆ ಕಂಪನಿಯ ಒಪ್ಪಿಗೆ ಬೇಕು. ಏನಾದ್ರೂ ಮುರಿದ್ರೆ ಕೌಂಟಿ ತಲೆ ಮೇಲೆ ಬರುತ್ತೆ."

"ನಾನ್ಯಾಕೆ ಒಪ್ಪಿಗೆ ಕೊಡ್ಲಿ?" ಎಂದ ವಿಟ್‌ಲೋ. "ಕೊಟ್ರೆ ಜಾಗ ನಮ್ಮದು ಅಂದ ಹಾಗಾಯ್ತು. ಗಾಡಿ ಹೊಟ್ಟೆ ಊರಿರೋದು ಇಳಿಜಾರಿನ ಮೇಲೆ. ಇಳಿಜಾರು ನಿಮ್ಮದು."

"ಹೊಟ್ಟೆ ಊರಿರೋದು ನಿಮ್ಮ ಜಲ್ಲಿ ಮೇಲೆ!"

ಇಬ್ಬರೂ ಬಗ್ಗಿ ಗಾಡಿಯ ಅಡಿಗೆ ನೋಡಿದರು. ಪಾದ್ರಿಗಳು ಗಡಿಯಾರ ನೋಡಿಕೊಂಡರು. ಅಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಬಡಿಸಲು ಕಾದಿದ್ದರು, ಆಲೂಗಡ್ಡೆ ತಣ್ಣಗಾಗುತ್ತಿತ್ತು.

"ಇಳಿಸಿ," ಎಂದ ಲ್ಯಾಡ್.

ಯಾರು ಮಾತಾಡಿದ್ದು ಎಂದು ಎಲ್ಲರೂ ಸುತ್ತ ನೋಡಿದರು.

"ಅವಳನ್ನ ಇಳಿಸಿ."

ಪೆಟ್ಟಿಗೆ ಹೊರುವವರು ಹಿಂದಿನ ಬಾಗಿಲು ತೆಗೆದು ಆಲ್ಬಿನಾಳನ್ನು ಇಳಿಸಿದರು. ಡ್ವೇನ್‌ಗೂ ವಿಟ್‌ಲೋಗೂ ನಿರಾಳವಾಯಿತು. ಸ್ಮಶಾನ ಹಳಿಯಾಚೆ ಕಾಣುವಷ್ಟು ಹತ್ತಿರವಿತ್ತು, ಹೊತ್ತುಕೊಂಡೇ ಹೋಗಬಹುದಿತ್ತು. ಆದರೆ ಲ್ಯಾಡ್ ಕೈ ಅಡ್ಡ ಹಿಡಿದು, ಪೆಟ್ಟಿಗೆಯನ್ನು ಮಿಲೋನ ಮಡಚುವ ಸ್ಟ್ಯಾಂಡಿನ ಮೇಲೆ ಅಲ್ಲೇ ಇಳಿಜಾರಿನ ಪಕ್ಕ ಇಡಿಸಿದ. ಆಮೇಲೆ ನಿಧಾನವಾಗಿ ತನ್ನ ಪಿಕಪ್ಪಿನ ಹಿಂಬದಿಗೆ ಹೋದ. ಅಲ್ಲಿದ್ದ ಸಲಿಕೆಯೊಂದನ್ನು ಎತ್ತಿಕೊಂಡು ಬಂದ. ಕೋಟು ಬಿಚ್ಚಿ ಜಾರ್ಜೀನ್ ಕೈಗೆ ಕೊಟ್ಟ.

"ಬಾವ, ಏನಿದು?"

ಲ್ಯಾಡ್ ವಿಟ್‌ಲೋನ ಕಡೆ ತಿರುಗಿದ. "ಈ ಜಾಗ ನಿಮ್ಮದಲ್ಲ?"

"ಅಲ್ಲ ಸಾರ್. ಎಷ್ಟೋ ಸಲ ಹೇಳಿದ್ದೀವಿ."

"ಡ್ವೇನ್, ನಿಮ್ಮದೂ ಅಲ್ಲ?"

"ಕೌಂಟಿದು ಅಲ್ಲ ಲ್ಯಾಡ್, ನಿಮಗೆ ಗೊತ್ತಲ್ಲ."

"ಸರಿ ಹಾಗಾದ್ರೆ," ಎಂದ ಲ್ಯಾಡ್. ಸಲಿಕೆಯನ್ನು ಇಳಿಜಾರಿಗೆ ಊರಿ, ಕಪ್ಪು ಷೂ ಹಾಕಿದ ಕಾಲಿನಿಂದ ಒತ್ತಿ ಒಂದು ಹೆಂಟೆ ಎತ್ತಿ ಹಾಕಿದ. ಎರಡನೆಯದನ್ನೂ ಎತ್ತಿದ. ಬೇಸಾಯದ ಕೈ, ಎಂಬತ್ತರಲ್ಲೂ ಲಯ ತಪ್ಪುತ್ತಿರಲಿಲ್ಲ. "ಯಾರದೂ ಅಲ್ಲ ಅಂದ ಮೇಲೆ ಕೇಳೋರು ಯಾರು? ಇಲ್ಲೇ ಹೂಳ್ತೀನಿ. ಅವಳಿಗೂ ಈ ಜಾಗ ಇಷ್ಟ."

ಮೊದಲು ಯಾರೋ ನಕ್ಕರು. ಹೆಂಟೆಗಳು ಏಳುತ್ತಲೇ ಇದ್ದವು, ನಗು ನಿಂತಿತು. ಆಮೇಲೆ ಇಬ್ಬರೂ ಒಟ್ಟಿಗೆ ಕೂಗಿಕೊಂಡರು.

"ನಿಲ್ಲಿಸಿ! ಕಂಪನಿಯ ನೆಲದಲ್ಲಿ ಹೆಣ ಹೂಳೋ ಹಾಗಿಲ್ಲ!" ಎಂದ ವಿಟ್‌ಲೋ.

"ಕೌಂಟಿ ರಸ್ತೆ ಅಗೆಯೋದು ಅಪರಾಧ, ಲ್ಯಾಡ್!" ಎಂದ ಡ್ವೇನ್.

ಕೂಗಿದ ಮೇಲೆ ಇಬ್ಬರೂ ಬಾಯಿಗೆ ಕೈ ಹಿಡಿದುಕೊಂಡರು. ನೆಬ್ರಾಸ್ಕಾದ ಗಾಳಿ ಕೂಡ ಆ ಒಂದು ಗಳಿಗೆ ನಿಂತ ಹಾಗಾಯಿತು. ರೈಲಿನ ಚಾಲಕ ಅಷ್ಟರಲ್ಲಿ ಅಲ್ಲಿಗೆ ತಲುಪಿದ್ದ. ಟೋಪಿ ತೆಗೆದು, ಏನು ನಡೆಯುತ್ತಿದೆಯೆಂದು ತಿಳಿಯದೆ ಶಿಲುಬೆಯ ಗುರುತು ಮಾಡಿಕೊಂಡ.

"ಫಾದರ್," ಎಂದಳು ಜಾರ್ಜೀನ್, "ನಿಮಗೆ ಕೇಳಿಸ್ತಲ್ಲ?"

"ಸ್ಪಷ್ಟವಾಗಿ ಕೇಳಿಸ್ತು," ಎಂದರು ಪಾದ್ರಿಗಳು. ಹಿಂದಿನಿಂದ ಊರು ನಾವೂ ಕೇಳಿದ್ವಿ ಎಂದಿತು.

ವಿಟ್‌ಲೋ ಬಿಳಿಚಿಕೊಂಡಿದ್ದ. "ಒಂದು ನಿಮಿಷ. ನಾನು ಹೇಳಿದ್ದು ಹಳಿ ಪಕ್ಕದ ಸ್ವಲ್ಪ ಜಾಗ. ಆ ಗುಂಡಿ ಇರೋ ಕಡೆ ಅಲ್ಲ."

"ನಾನು ಹೇಳಿದ್ದೂ ಕೆಳಗಿನ ಸಮತಟ್ಟು," ಎಂದ ಡ್ವೇನ್. "ದಿಬ್ಬ ಅಲ್ಲವೇ ಅಲ್ಲ."

"ಅಳೆದು ನೋಡಿ," ಎಂದ ಲ್ಯಾಡ್, ಸಲಿಕೆಗೆ ಒರಗಿಕೊಂಡು. ಅವನಿಗೆ ಏದುಸಿರು ಬಂದಿತ್ತು. "ವಿಚಾರಣೆಗೆ ನಾನು ಬರ್ತೀನಿ. ಅಲ್ಲಿ ಎದ್ದು ನಿಂತು ಹೇಳೋಕೆ ನನಗೆ ಅಳತೆ ಬೇಕು."

ಜಾರ್ಜೀನ್ ಅವನ ಕೋಟಿನಲ್ಲಿ ಮುಖ ಹುದುಗಿಸಿಕೊಂಡು ಅತ್ತಳು. ನಾಲ್ಕು ದಿನದಿಂದ ಅವಳು ಅತ್ತಿರಲಿಲ್ಲ, ಎಲ್ಲರನ್ನೂ ಬೈಯುವುದರಲ್ಲಿ ಪುರುಸೊತ್ತೇ ಆಗಿರಲಿಲ್ಲ.

ಆಲ್ಬಿನಾಳನ್ನು ಹೊತ್ತು ಹಳಿ ದಾಟಿಸಿದರು. ಡ್ವೇನ್‌ನ ಹಿಡಿಕೆಗೆ ರೈಲಿನ ಚಾಲಕನೇ ಕೈ ಕೊಟ್ಟ, ಯಾಕೆಂದರೆ ಡ್ವೇನ್‌ಗೆ ಅಲ್ಲಿಂದ ಕದಲುವ ಧೈರ್ಯವಿರಲಿಲ್ಲ. ತಾನು ಹೋದರೆ ವಿಟ್‌ಲೋ ಗೆರೆಯನ್ನು ಎಲ್ಲಿಗೆ ಎಳೆಯುತ್ತಾನೋ! ಮಿಲೋನ ಹತ್ತಿರ ಪೆಟ್ಟಿಗೆಗಳ ಅಳತೆಗೆಂದು ಇಟ್ಟುಕೊಂಡ ಟೇಪಿತ್ತು, ಅದನ್ನು ಅವರಿಗೆ ಕೊಟ್ಟು ಅವನೂ ಸ್ಮಶಾನಕ್ಕೆ ನಡೆದ. ಅಲ್ಲಿ ಪ್ರಾರ್ಥನೆ ಆಯಿತು, ಮಣ್ಣು ಹಾಕಿದ್ದಾಯಿತು. ಲ್ಯಾಡ್ ಗುಂಡಿಯ ಅಂಚಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ. ಏನಾದರೂ ಹೇಳಿದನೋ ಇಲ್ಲವೋ, ಗಾಳಿಯಲ್ಲಿ ತಿಳಿಯಲಿಲ್ಲ.

ವಾಪಸು ಬಂದಾಗ ಗಾಡಿ ಇನ್ನೂ ದಿಬ್ಬದ ನೆತ್ತಿಯ ಮೇಲೇ ಇತ್ತು, ಇಬ್ಬರೂ ಇಳಿಜಾರಿನ ಮೇಲೆ ಮಂಡಿಯೂರಿ ಕೂತೇ ಇದ್ದರು. ಒಳ್ಳೆಯ ಸೂಟುಗಳ ಮಂಡಿ ಮಣ್ಣಾಗಿತ್ತು. ಟೇಪಿನ ಒಂದು ತುದಿ ವಿಟ್‌ಲೋನ ಕೈಯಲ್ಲಿ, ಇನ್ನೊಂದು ಡ್ವೇನ್‌ನ ಕೈಯಲ್ಲಿ. ನಮ್ಮ ಅಜ್ಜಂದಿರು ಒಂದು ಅಡಿ ನೆಲ ಹೆಚ್ಚಿಗೆ ಬೇಕೆಂದು ಕೋರ್ಟು ಹತ್ತಿದವರು. ಇವರು ಒಂದು ಅಡಿ ನೆಲ ಇನ್ನೊಬ್ಬನಿಗೇ ಹೋಗಲಿ ಎಂದು ಟೇಪನ್ನು ಹಿಂದೆ ಮುಂದೆ ಎಳೆದಾಡುತ್ತಿದ್ದರು. ಗಂಟಲು ಒಣಗಿತ್ತು, ಊಟದ ಹೊತ್ತು ಮೀರಿತ್ತು, ಯಾರೂ ಸೋಲುತ್ತಿರಲಿಲ್ಲ.

ಲ್ಯಾಡ್ ಅವರ ನಡುವೆ ಹೋಗಿ ನಿಂತ. ಇಬ್ಬರ ಮುಖವನ್ನೂ ನೋಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕಾಲೆತ್ತಿ ಟೇಪಿನ ಮೇಲಿಟ್ಟ. ಇಬ್ಬರೂ ಎಳೆದರು. ಹೆಂಡತಿಯ ಗುಂಡಿಯ ಹಸಿ ಮಣ್ಣು ಮೆತ್ತಿದ ಆ ಕಪ್ಪು ಷೂ ಅತ್ತಲೂ ಜರುಗಲಿಲ್ಲ, ಇತ್ತಲೂ ಜರುಗಲಿಲ್ಲ.